ಗೋಡೆ ಮುಟ್ಟದ ಹಾಗೆ

14 ಅಕ್ಟೋಬರ್ 2012

ಅತ್ತಿಗೆ,

ಕೆಲಸಕ್ಕೆ ಮರಳಿ ವಾರವಾಯಿತು. ನೀವು ಕಟ್ಟಿಕೊಟ್ಟ ಬುತ್ತಿ ಅರ್ಧ ದಾರಿಗೇ ಮುಗಿದುಹೋಗಿತ್ತು. ಉಳಿದ ಅರ್ಧ ದಾರಿ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ, ಯಾಕೆಂದು ಗೊತ್ತಿಲ್ಲ.

ಅಣ್ಣ ತೀರಿಹೋದ ನಾಲ್ಕನೆಯ ದಿನಕ್ಕೇ ನಾನು ಪೆಟ್ಟಿಗೆ ಹಿಡಿದು ಹೊರಟಾಗ ನೀವು ಏನೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತು "ಹುಷಾರು" ಎಂದಿರಿ, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಇಲ್ಲಿ ಅಂಥದ್ದೇನು ಕಾದಿತ್ತು ಎಂಬುದನ್ನಾದರೂ ಹೇಳಿಬಿಡುತ್ತೇನೆ.

ನಾವು ಪ್ರತಿದ್ರವ್ಯವನ್ನು ಹಿಡಿದು ಅಳೆಯುವವರು. ಪ್ರಪಂಚದಲ್ಲಿರುವುದೆಲ್ಲ ಯಾವ ಕಣಗಳಿಂದ ಆಗಿದೆಯೋ, ಅವುಗಳಲ್ಲಿ ಪ್ರೋಟಾನ್ ಒಂದು. ಅದಕ್ಕೆ ಎಲ್ಲದರಲ್ಲೂ ಸಮನಾದ, ವಿದ್ಯುತ್ತಿನ ಗುಣ ಮಾತ್ರ ತಿರುಗುಮುರುಗಾದ ಇನ್ನೊಂದು ಕಣವಿದೆ, ಪ್ರತಿಪ್ರೋಟಾನ್. ಇಂಥ ಕಣಗಳದ್ದೇ ಪ್ರತಿದ್ರವ್ಯ. ಎರಡೂ ಒಂದನ್ನೊಂದು ಮುಟ್ಟಿದರೆ ಎರಡೂ ಇಲ್ಲವಾಗುತ್ತವೆ. ಗಾಜು, ಉಕ್ಕು, ಗಾಳಿ, ನನ್ನ ಕೈ, ಎಲ್ಲವೂ ದ್ರವ್ಯವೇ ತಾನೆ? ಹಾಗಾಗಿ ಅದನ್ನು ಯಾವ ಪಾತ್ರೆಯಲ್ಲೂ ಹಾಕಿಡುವಂತಿಲ್ಲ. ಗಾಳಿಯನ್ನೆಲ್ಲ ಹೀರಿ ತೆಗೆದ ಒಂದು ಕೊಳವೆಯ ನಟ್ಟನಡುವೆ, ಅಯಸ್ಕಾಂತದ ಬಲದಲ್ಲಿ, ಗೋಡೆ ಮುಟ್ಟದ ಹಾಗೆ ತೇಲಿಸಿಡಬೇಕು. ಆ ಕೊಳವೆಯನ್ನು ನಾವು ಬಲೆ ಎನ್ನುತ್ತೇವೆ.

ಆ ಕಣಗಳನ್ನು ತಯಾರಿಸುವ ಯಂತ್ರ ಒಂದೇ, ಕಾಯುವ ತಂಡಗಳು ಹಲವು. ನಮ್ಮ ಸರದಿ ಆ ವಾರವೇ ಇತ್ತು. ತಪ್ಪಿದ್ದರೆ ಮುಂದಿನ ವರ್ಷವೇ. ನಾನು ಮೂರು ವರ್ಷದ ಕರಾರಿನ ಮೇಲೆ ಬಂದವಳು. ಇದನ್ನು ಅವತ್ತು ಆ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗಲಿಲ್ಲ.

ಇನ್ನು ಮೇಲೆ ಫೋನ್ ಮಾಡಬೇಡ ಎಂದಿದ್ದೀರಿ. ಅಣ್ಣನ ಸುದ್ದಿ ಫೋನಿನಲ್ಲೇ ಬಂದದ್ದು, ನನಗೂ ಅದರ ಸದ್ದು ಬೇಡವಾಗಿದೆ. ಅಯಸ್ಕಾಂತದ ಕೋಣೆಗೆ ಅದನ್ನು ಒಯ್ಯುವಂತೆಯೂ ಇಲ್ಲ. ಪತ್ರವೇ ಆಗಲಿ.

ನಿಮ್ಮ ನಾದಿನಿ


2 ನವೆಂಬರ್ 2012

ಪ್ರೀತಿಯ ಪಿಟೀಲು,

ಏನೇ ಇದು, "ನಿಮ್ಮ ನಾದಿನಿ" ಅಂತ ಸಹಿ? ಬ್ಯಾಂಕಿಗೆ ಅರ್ಜಿ ಬರೆದಿದ್ದೀಯಾ? ನಿಮ್ಮಣ್ಣ ಇಟ್ಟ ಹೆಸರು ಎಲ್ಲಿ ಹೋಯಿತು? ನಾನು ಈ ಮನೆಗೆ ಬಂದಾಗ ನಿನಗೆ ಹದಿನಾಲ್ಕು. ಗಣಿತದಲ್ಲಿ ಒಂದು ಅಂಕ ಕಡಿಮೆಯಾಯಿತೆಂದು ಮೂಲೆಯಲ್ಲಿ ಕೂತು ಒಂದೇ ಶ್ರುತಿಯಲ್ಲಿ ಅಳುತ್ತಿದ್ದೆ. "ಇದು ನಮ್ಮನೆ ಪಿಟೀಲು, ಹೆದರ್ಕೋಬೇಡ" ಅಂತಲೇ ಅವರು ನಿನ್ನ ಪರಿಚಯ ಮಾಡಿಸಿದ್ದು.

ಪಕ್ಕದ ಮನೆಯಾಕೆ ಕೇಳಿದರು, ತಂಗಿ ಅಷ್ಟು ಬೇಗ ಹೊರಟುಬಿಟ್ಟಳಲ್ಲ, ಏನು ಕೆಲಸ ಅಂತ. ನಿನ್ನ ಪತ್ರ ಓದಿಕೊಂಡಿದ್ದೆನಲ್ಲ, "ಏನನ್ನೋ ಗೋಡೆ ಮುಟ್ಟದ ಹಾಗೆ ಹಿಡ್ಕೊಂಡಿರ್ತಾಳೆ" ಅಂದೆ. "ನಮ್ಮ ಮೊಮ್ಮಕ್ಕಳಿಗೂ ಒಂದಿಷ್ಟು ಕಲಿಸಲಿ, ಗೋಡೆಯೆಲ್ಲಾ ಕೈ ಗುರುತು" ಅಂದರು.

ನಾನು ಆಸ್ಪತ್ರೆಗೆ ಹೋಗಲು ಶುರು ಮಾಡಿದ್ದೇನೆ. ಸ್ಟ್ರೋಕ್ ಆಗಿ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕೂಡಿಸಿಕೊಡುವ ನನ್ನ ಕೆಲಸ ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. ದೊಡ್ಡವರ ಎದುರು ಕನ್ನಡಿ ಹಿಡಿದು ಅ, ಆ, ಪ, ಬ. ಹೊಸದಾಗಿ ಒಬ್ಬ ಅಜ್ಜಿ ಬರುತ್ತಿದ್ದಾರೆ. ಅವರ ಬಾಯಲ್ಲಿ ಉಳಿದಿರುವುದು ಒಂದೇ ಪದ, "ನಾಳೆ". ಹೆಸರೇನಮ್ಮಾ? ನಾಳೆ. ಊಟ ಆಯ್ತಾ? ನಾಳೆ. ಕೋಪ ಬಂದಾಗಲೂ ನಾಳೆ, ಅಳು ಬಂದಾಗಲೂ ನಾಳೆ. ಆದರೆ ಒಂದೊಂದು ಸಲ ಒಂದೊಂದು ಥರ ಹೇಳುತ್ತಾರೆ, ಅರ್ಥವಾಗುತ್ತದೆ. ಅವರನ್ನು ಕರೆದುಕೊಂಡು ಬರುವುದು ಮಗ. ಬೇಕರಿ ಇಟ್ಟಿದ್ದಾರೆ, ಹುಬ್ಬಿನ ಮೇಲೆಲ್ಲ ಹಿಟ್ಟು.

ನಾನು ಚೆನ್ನಾಗಿದ್ದೇನೆ. ಒಳಕೋಣೆಯ ಬಲ್ಬು ಹೋಗಿದೆ, ಅದಕ್ಕೇ ಹಜಾರದಲ್ಲಿ ಮಲಗುತ್ತಿದ್ದೇನೆ. ನೀನು ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಅತ್ತಿಗೆ


27 ಡಿಸೆಂಬರ್ 2012

ಪ್ರೀತಿಯ ಅತ್ತಿಗೆ,

ಬಲ್ಬು ಬದಲಾಯಿಸುವಾಗ ಮೊದಲು ಮೇನ್ ಸ್ವಿಚ್ ಆರಿಸಿ. ಏಣಿಯನ್ನು ಯಾರಾದರೂ ಹಿಡಿದಿರಲಿ. ಎಲ್‌ಇಡಿ ಹಾಕಿಸಿದರೆ ವರ್ಷಾನುಗಟ್ಟಲೆ ಬರುತ್ತದೆ.

ವರ್ಷದ ಕೊನೆಯ ರಜೆ. ಎಲ್ಲರೂ ಮನೆಗೆ ಹೋಗಿದ್ದಾರೆ. ದೊಡ್ಡ ಯಂತ್ರ ನಿಂತಿದೆ, ಕ್ರೇನ್ ನಿಂತಿದೆ, ಕ್ಯಾಂಟೀನಿನ ಬಾಗಿಲಿಗೆ ಬೀಗ. ನಮಗೆ ಇದೇ ಸುಗ್ಗಿ. ನಾವು ಅಳೆಯುವುದು ಎಷ್ಟು ಸೂಕ್ಷ್ಮವೆಂದರೆ ಕಟ್ಟಡದ ಆ ಕೊನೆಯಲ್ಲಿ ಲಿಫ್ಟ್ ಏರಿದರೂ ಇಲ್ಲಿ ಅಂಕಿ ನಡುಗುತ್ತದೆ. ಉಕ್ಕಿನ ಕುರ್ಚಿ ಸರಿಸಿದರೂ ಕೆಟ್ಟಿತು. ಸುತ್ತ ಮನುಷ್ಯರು ಕಡಿಮೆಯಾದಷ್ಟೂ ಅಳತೆ ಚೆನ್ನಾಗಿ ಬರುತ್ತದೆ.

ಮಾಡುವುದಿಷ್ಟೇ: ಬಲೆಯಲ್ಲಿರುವ ಒಂದೇ ಒಂದು ಕಣ ಅಯಸ್ಕಾಂತದ ಬಲದಲ್ಲಿ ಗಿರಗಿರ ತಿರುಗುತ್ತಿರುತ್ತದೆ, ಸೆಕೆಂಡಿಗೆ ಸುಮಾರು ಮೂರು ಕೋಟಿ ಸುತ್ತು. ಪ್ರತಿಪ್ರೋಟಾನಿನ ಸುತ್ತು ಎಷ್ಟು, ಪ್ರೋಟಾನಿನದು ಎಷ್ಟು, ಎರಡನ್ನೂ ಎಣಿಸಿ ಪಕ್ಕಪಕ್ಕ ಇಟ್ಟು ನೋಡುವುದು. ಕೂದಲೆಳೆಯಷ್ಟು ವ್ಯತ್ಯಾಸ ಸಿಕ್ಕಿದರೂ ಪುಸ್ತಕಗಳನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ.

ನಾನೊಬ್ಬಳೇ ಇಲ್ಲ. ನಮ್ಮ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವವನೂ ಉಳಿದಿದ್ದಾನೆ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದ ಆಳು, ಎಲ್ಲರಿಗೂ ಅವನು "ಉದ್ದನೆಯವನು". ಬೆಲ್ಟಿನ ಕೊಕ್ಕೆ ಉಕ್ಕಿನದು ಎಂದು ಬಿಚ್ಚಿಟ್ಟು ಸೊಂಟಕ್ಕೆ ಸೆಣಬಿನ ದಾರ ಕಟ್ಟಿಕೊಂಡು ಓಡಾಡುತ್ತಾನೆ. ನಮಗಿಬ್ಬರಿಗೂ ಮರದ ಸ್ಟೂಲು, ಮರದ ಚಮಚ. ಒಂದೇ ಡಬ್ಬಿಯಲ್ಲಿ ಊಟ. ಗಂಟೆಗಟ್ಟಲೆ ಮಾತಿಲ್ಲದೆ ಪರದೆಯ ಮೇಲಿನ ಗೆರೆ ನೋಡುತ್ತಾ ಕೂರುತ್ತೇವೆ. ಬೇಜಾರೇ ಆಗುವುದಿಲ್ಲ.

ನಿಮ್ಮ ಪಿಟೀಲು


20 ಜನವರಿ 2013

ಪ್ರೀತಿಯ ಪಿಟೀಲು,

ಬಲ್ಬು ಹಾಕಿಸಿದ್ದಾಯಿತು. ಬೇಕರಿಯವರು ಬಂದು ಹಾಕಿಕೊಟ್ಟರು, ಅವರಮ್ಮ ಏಣಿ ಹಿಡಿದುಕೊಂಡು "ನಾಳೆ, ನಾಳೆ" ಎಂದು ಗದರಿಸುತ್ತಿದ್ದರು. ಆದರೂ ಹಜಾರದಲ್ಲೇ ಮಲಗುತ್ತೇನೆ. ಗಾಳಿ ಚೆನ್ನಾಗಿ ಬರುತ್ತದೆ.

ನಿನ್ನ ಪತ್ರದಲ್ಲಿ ಕಣದ ವಿಷಯ ಅರ್ಧ ಪುಟ, ಉದ್ದನೆಯವನ ವಿಷಯ ಅರ್ಧ ಪುಟ. ನಾನು ಎಣಿಸಿದೆ, ನಿನಗೊಬ್ಬಳಿಗೇ ಎಣಿಸಲು ಬರುತ್ತದೆ ಎಂದುಕೊಳ್ಳಬೇಡ. ಮದುವೆ ಆಗಿದೆಯಾ ಅವನಿಗೆ? ಡಬ್ಬಿಗೆ ಅಡುಗೆ ಮಾಡುವುದು ಯಾರು? ಕೆಲಸಕ್ಕಾಗಿ ಸೊಂಟಕ್ಕೆ ದಾರ ಕಟ್ಟಿಕೊಳ್ಳುವ ಗಂಡಸು ಕೆಟ್ಟವನಿರಲಾರ. ಕೇಳುತ್ತಿದ್ದೇನೆ ಅಷ್ಟೆ, ಮೈಮೇಲೆ ಬರಬೇಡ.

ಬೇಕರಿಯವರು ಬುಧವಾರ ಬುಧವಾರ ಒಂದು ಬ್ರೆಡ್ಡು ಕೊಟ್ಟು ಹೋಗುತ್ತಾರೆ. ಒಬ್ಬಳಿಗೆ ಅಷ್ಟು ದೊಡ್ಡದು ಯಾಕೆ ಎಂದರೆ, "ಚಿಕ್ಕ ಅಚ್ಚು ಇಲ್ಲ" ಎನ್ನುತ್ತಾರೆ.

ನಿನ್ನ ಅತ್ತಿಗೆ


9 ಆಗಸ್ಟ್ 2015

ಅತ್ತಿಗೆ,

ಬಹಳ ದಿನದಿಂದ ಬರೆದಿಲ್ಲ. ಇವತ್ತೂ ಹೆಚ್ಚು ಬರೆಯಲಾರೆ. ಎಲ್ಲರೂ ಹೋದರು. ಮಧ್ಯಾಹ್ನ ಕರೆಂಟು ಹೋಯಿತು, ಬ್ಯಾಟರಿಗಳು ಕೈಕೊಟ್ಟವು, ನಾನು ಓಡಿಬರುವಷ್ಟರಲ್ಲಿ ಮುಗಿದುಹೋಗಿತ್ತು. ಒಬ್ಬರೂ ಉಳಿಯಲಿಲ್ಲ. ಒಂದು ವರ್ಷಕ್ಕೂ ಮೇಲೆ ಕಾಪಾಡಿಕೊಂಡು ಬಂದಿದ್ದೆ.

ಉದ್ದನೆಯವನೂ ಇಲ್ಲಿಲ್ಲ. ಹೋದ ತಿಂಗಳ ಕೊನೆಯಲ್ಲಿ ಬೇರೆ ಊರಿನ ಕೆಲಸಕ್ಕೆ ಹೋದ.

ಪಿಟೀಲು


16 ಆಗಸ್ಟ್ 2015

ಏ ಪಿಟೀಲು,

ನಿನ್ನನ್ನು ಏನು ಮಾಡಬೇಕು ಹೇಳು. "ಎಲ್ಲರೂ ಹೋದರು, ಒಬ್ಬರೂ ಉಳಿಯಲಿಲ್ಲ" ಎಂದು ಓದಿ ಒಲೆಯ ಮೇಲಿನ ಹಾಲನ್ನೂ ಮರೆತೆ. ಫೋನ್ ಮುಟ್ಟುವುದಿಲ್ಲ ಎಂದಿದ್ದವಳು ನಿಮ್ಮ ಆಫೀಸಿಗೆ ಫೋನ್ ಹಚ್ಚಿದೆ. ಯಾರೋ ಹೆಂಗಸು ಎತ್ತಿದಳು.

"ಎಷ್ಟು ಜನ ಹೋದ್ರಮ್ಮಾ?" ಅಂದೆ.

"ಎಲ್ಲಾ ಹೋದ್ರು," ಅಂದಳು.

ನಾನು ಬಿಡಲಿಲ್ಲ, "ಎಲ್ಲಿಗೆ ತಗೊಂಡು ಹೋದ್ರು?"

"ತಗೊಂಡು ಹೋಗೋದೇನು, ಅವರೇ ನಡ್ಕೊಂಡು ಹೋದ್ರು. ಊಟದ ಹೊತ್ತಲ್ವಾ? ಒಂದು ಗಂಟೆ ಬಿಟ್ಟು ಮಾಡಿ."

ಆಮೇಲೆ ಪತ್ರವನ್ನು ಇನ್ನೊಮ್ಮೆ ಓದಿದೆ. "ಕಣಗಳು" ಎಂದು ಒಂದು ಪದ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಕ್ಕೂ ನಕ್ಕೂ ಸಾಕಾಯಿತು. ನಕ್ಕು ಮುಗಿದ ಮೇಲೆ, ಒಂದು ವರ್ಷ ಹಗಲೂ ರಾತ್ರಿ ಕಾದವಳ ಸಂಕಟ ಏನಿರಬೇಕು ಎಂದು ತೋಚಿತು. ಅವು ಕಣಗಳಾದರೇನು, ಹೋದದ್ದು ಹೋದದ್ದೇ ತಾನೆ.

ಕೊನೆಯ ಸಾಲನ್ನೂ ನೋಡಿದೆ. ಅದರ ಬಗ್ಗೆ ಬರೆಯಬೇಕೆನಿಸಿದರೆ ಬರಿ. ಬೇಡವಾದರೆ ಬೇಡ.

ನಿನ್ನ ಅತ್ತಿಗೆ


30 ಆಗಸ್ಟ್ 2015

ಪ್ರೀತಿಯ ಅತ್ತಿಗೆ,

ಆಫೀಸಿನಲ್ಲಿ ನಿಮ್ಮ ಫೋನಿನ ಕಥೆ ಎಲ್ಲರಿಗೂ ಗೊತ್ತಾಗಿದೆ. ಊಟಕ್ಕೆ ಹೊರಟವರೆಲ್ಲ "ನಾವು ಹೋಗ್ತೀವಿ, ನಿಮ್ಮತ್ತಿಗೆಗೆ ತಿಳಿಸಿಬಿಡಿ" ಎನ್ನುತ್ತಾರೆ.

ಬರೆಯುವಂಥದ್ದೇನೂ ಇಲ್ಲ. ಅವನಿಗೆ ಒಳ್ಳೆಯ ಕೆಲಸ ಸಿಕ್ಕಿತು, ಹೋದ.

ಬಲೆಯನ್ನು ಬಿಚ್ಚಿ, ತೊಳೆದು, ಚಿನ್ನದ ಲೇಪದ ಉಂಗುರಗಳನ್ನು ಒಂದೊಂದಾಗಿ ಮತ್ತೆ ಜೋಡಿಸಿದ್ದೇವೆ. ಈಗ ದ್ರವ ಹೀಲಿಯಂ ಸುರಿದು ತಣಿಸುತ್ತಿದ್ದೇವೆ. ಒಂದೇ ಸಲಕ್ಕೆ ತಣಿಯುವ ವಸ್ತುವಲ್ಲ, ನಿಧಾನ ಮಾಡದಿದ್ದರೆ ಬಿರುಕು ಬಿಡುತ್ತದೆ. ಮುಂದಿನ ತಿಂಗಳು ಹೊಸ ಕಣಗಳು ಬರುತ್ತವೆ. ತಂಡವನ್ನು ನೋಡಿಕೊಳ್ಳುವ ಹೊಣೆ ನನಗೇ ಕೊಟ್ಟಿದ್ದಾರೆ. ಕರಾರು ಹೋಗಿ ಕಾಯಂ ಆಯಿತು. ಅಣ್ಣನಿದ್ದಿದ್ದರೆ ತಾನು ಮದ್ದು ಕೊಡುವ ದನಕರುಗಳಿಗೆಲ್ಲ ಹೇಳಿಕೊಂಡು ಬರುತ್ತಿದ್ದ.

ಬ್ರೆಡ್ಡು ಹೆಚ್ಚು ತಿನ್ನಬೇಡಿ, ನಿಮಗೆ ಸಕ್ಕರೆ ಕಾಯಿಲೆ ಬರುವ ವಯಸ್ಸು. ಬೇಕರಿಯವರಿಗೆ ಬುಧವಾರ ಬೇಡವೆಂದು ಹೇಳಿಬಿಡಿ.

ನಿಮ್ಮ ಪಿಟೀಲು


3 ಮಾರ್ಚ್ 2018

ಪ್ರೀತಿಯ ಪಿಟೀಲು,

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಜನಕ್ಕೆ ಮಾತು ಕಲಿಸುವವಳಿಗೇ ಮಾತು ಹೊರಡುತ್ತಿಲ್ಲ.

ನಾನು ಬೇಕರಿಯವರನ್ನು ಮದುವೆಯಾಗಬೇಕು ಎಂದುಕೊಂಡಿದ್ದೇನೆ. ಮೇ ತಿಂಗಳಲ್ಲಿ, ರಿಜಿಸ್ಟ್ರಾರ್ ಕಚೇರಿಯಲ್ಲಿ.

ಬುಧವಾರದ ಬ್ರೆಡ್ಡಿನ ಬಗ್ಗೆ ನೀನು ಬರೆದದ್ದನ್ನು ಓದಿ, ನಿನಗೆ ಏನೂ ಹೊಳೆದಿಲ್ಲವಲ್ಲ ಎಂದು ನಗು ಬಂದಿತ್ತು, ಸಮಾಧಾನವೂ ಆಗಿತ್ತು. ಈಗ ಹೇಳುತ್ತೇನೆ ಕೇಳು. ಅವತ್ತು ಒಳಕೋಣೆಯ ಬಲ್ಬು ಹೋಗಿರಲೇ ಇಲ್ಲ. ಆ ಕೋಣೆಗೆ ಕಾಲಿಡಲು ನನ್ನಿಂದ ಆಗುತ್ತಿರಲಿಲ್ಲ. ಹಾಗೆಂದು ಯಾರಿಗೆ ಹೇಳುವುದು? ಬಲ್ಬು ಹೋಗಿದೆ ಎನ್ನುತ್ತಿದ್ದೆ. ಇವರು ಏಣಿ ಹತ್ತಿ, ಬಲ್ಬನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು. ತಂತಿ ಸರಿಯಾಗೇ ಇತ್ತು. ನನ್ನ ಮುಖ ನೋಡಿದರು. ಜೇಬಿನಿಂದ ಹೊಸದನ್ನು ತೆಗೆದು ಹಾಕಿ, "ಹಳೇದು ಹೋಗಿತ್ತು" ಎಂದು ಕೆಳಗಿಳಿದರು. ಅವತ್ತೇ ನನಗೆ ಅವರು ಎಂಥವರೆಂದು ಗೊತ್ತಾಯಿತು. ಆಮೇಲೂ ಐದು ವರ್ಷ ತಡೆದೆ.

ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ ಎಂದು ಹಿಂದಿನ ಪ್ರತಿಯಲ್ಲಿ ಬರೆದಿದ್ದೆ. ಅದು ಸುಳ್ಳು. ಕೇಳುತ್ತಲೇ ಇದ್ದೇನೆ. ನಿಮ್ಮಣ್ಣನ ಕಡೆಯಿಂದ ನನಗಿರುವವಳು ನೀನೊಬ್ಬಳೇ. ಬರುತ್ತೀಯಲ್ಲ?

ನಿನ್ನ ಅತ್ತಿಗೆ


19 ಮಾರ್ಚ್ 2018

ತಮ್ಮ ಪತ್ರ ತಲುಪಿತು. ವಿಷಯ ತಿಳಿದು ಸಂತೋಷವಾಯಿತು. ಮೇ ತಿಂಗಳಲ್ಲಿ ಇಲ್ಲಿ ಅಳತೆಯ ಕೆಲಸ ಬಹಳವಿರುವುದರಿಂದ ಬರಲು ಸಾಧ್ಯವಾಗಲಾರದು. ಅಣ್ಣನ ಪುಸ್ತಕಗಳನ್ನು, ಜಾಗದ ತೊಂದರೆಯಿದ್ದರೆ, ತಮಗೆ ಸರಿಕಂಡವರಿಗೆ ಕೊಡಬಹುದು. ಇಬ್ಬರಿಗೂ ಶುಭಾಶಯಗಳು.

ಇತಿ


11 ಜೂನ್ 2018

ಪಿಟೀಲು,

"ತಮ್ಮ ಪತ್ರ ತಲುಪಿತು." ಚೆನ್ನಾಗಿದೆ. ನಿನ್ನ ಜ್ವರಕ್ಕೆ ಒದ್ದೆ ಬಟ್ಟೆ ಹಾಕಿ ಕೂತವಳಿಗೆ "ತಮ್ಮ".

ಮದುವೆಯಾಯಿತು. ಕಚೇರಿಯಲ್ಲಿ ಆರು ಕುರ್ಚಿ. ಐದು ತುಂಬಿದವು. ಒಂದನ್ನು ಇವರು ತಮ್ಮ ಅಂಗವಸ್ತ್ರ ಹಾಕಿ ಹಿಡಿದಿಟ್ಟಿದ್ದರು, "ನಿನ್ ನಾದಿನಿ ಕೊನೇ ಗಳಿಗೇಲಿ ಬಂದ್ರೆ?" ಅಂತ. ರಿಜಿಸ್ಟ್ರಾರರು ಸಹಿ ಮಾಡಿ ಎಂದಾಗ ಅತ್ತೆಯವರು ಗಟ್ಟಿಯಾಗಿ "ನಾಳೆ!" ಎಂದರು. ಪಾಪ, ಅವರು ಹೇಳಿದ್ದು ಶುಭವಾಗಲಿ ಅಂತ. ರಿಜಿಸ್ಟ್ರಾರರು ಪೆನ್ನು ಮುಚ್ಚಿ, "ಹಾಗಾದ್ರೆ ನಾಳೆನೇ ಬನ್ನಿ" ಅಂದುಬಿಟ್ಟರು. ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಎಲ್ಲರೂ ನಕ್ಕು ಸುಸ್ತು. ನಾನೂ ನಕ್ಕೆ. ಆಗ ಆ ಖಾಲಿ ಕುರ್ಚಿಯ ಕಡೆ ನೋಡಿದ್ದು ತಪ್ಪಾಯಿತು.

ನಿಮ್ಮಣ್ಣನ ಪುಸ್ತಕ ಯಾರಿಗೂ ಕೊಟ್ಟಿಲ್ಲ. ಒಳಕೋಣೆಯಲ್ಲೇ ಇವೆ. ನಿನಗೆ ಸಿಟ್ಟಿದ್ದರೆ ಬಾಯಿಬಿಟ್ಟು ಬೈ. ಈ "ಇತಿ" ಮಾತ್ರ ನನ್ನಿಂದ ಸಹಿಸಲಾಗುವುದಿಲ್ಲ.

ಅತ್ತಿಗೆ


8 ಫೆಬ್ರವರಿ 2019

ಪಿಟೀಲು,

ಎಂಟು ತಿಂಗಳು ನೀನು ಬರೆಯಲಿಲ್ಲ, ನಾನೂ ಹಟ ಹಿಡಿದೆ. ಇವತ್ತು ಪತ್ರಿಕೆಯ ಒಳಪುಟದಲ್ಲಿ ನಿನ್ನ ಫೋಟೋ ನೋಡಿದೆ. ಸೊರಗಿದ್ದೀಯ. ಇಷ್ಟು ನಿಖರವಾಗಿ ಹಿಂದೆ ಯಾರೂ ಅಳೆದಿಲ್ಲ, ಪ್ರೋಟಾನಿಗೂ ಪ್ರತಿಪ್ರೋಟಾನಿಗೂ ಏನೂ ವ್ಯತ್ಯಾಸ ಕಾಣಲಿಲ್ಲ ಎಂದು ಬರೆದಿದ್ದಾರೆ.

ಅದು ಒಳ್ಳೆಯದೋ ಕೆಟ್ಟದ್ದೋ, ಓದಿದರೆ ತಿಳಿಯಲಿಲ್ಲ. ನಿನಗೆ ಶಹಬ್ಬಾಸ್ ಹೇಳಬೇಕೋ, ತಲೆ ಸವರಬೇಕೋ? ಅದೊಂದು ತಿಳಿಸು.

ಅತ್ತಿಗೆ


24 ಫೆಬ್ರವರಿ 2019

ಪ್ರೀತಿಯ ಅತ್ತಿಗೆ,

ಒಳ್ಳೆಯದೋ ಕೆಟ್ಟದ್ದೋ ಎಂದು ಇದುವರೆಗೆ ಕೇಳಿದವರು ನೀವೊಬ್ಬರೇ. ಉಳಿದವರೆಲ್ಲ ಅಭಿನಂದನೆ ಹೇಳಿದರು.

ಪ್ರಪಂಚದ ಮೊದಲಲ್ಲಿ ದ್ರವ್ಯ, ಪ್ರತಿದ್ರವ್ಯ ಎರಡೂ ಸಮಸಮವಾಗಿ ಹುಟ್ಟಿರಬೇಕು ಎನ್ನುತ್ತದೆ ಲೆಕ್ಕ. ಹಾಗಿದ್ದರೆ ಒಂದನ್ನೊಂದು ಮುಟ್ಟಿ ಎರಡೂ ಮುಗಿದುಹೋಗಬೇಕಿತ್ತು. ಬೆಳಕು ಬಿಟ್ಟು ಏನೂ ಉಳಿಯಬಾರದಿತ್ತು. ಆದರೂ ಈ ಮೇಜು ಇದೆ, ಬೀದಿ ಇದೆ, ನೀವಿದ್ದೀರಿ. ಎಲ್ಲೋ ಒಂದು ಸಣ್ಣ ವ್ಯತ್ಯಾಸ ಇರಲೇಬೇಕು. ಅದನ್ನೇ ಹುಡುಕುತ್ತಿದ್ದೆ. ದಶಮಾಂಶದ ಹನ್ನೊಂದನೆಯ ಅಂಕಿಯವರೆಗೂ ಹೋಗಿ ನೋಡಿದೆವು. ಅಲ್ಲಿಯವರೆಗೆ ಇಲ್ಲ. ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಹುಡುಗಿ ಮುಗ್ಧವಾಗಿ, "ಹಾಗಾದ್ರೆ ಇಷ್ಟು ವರ್ಷ ಮಾಡಿದ್ದು ವೇಸ್ಟಾ ಮೇಡಂ?" ಎಂದಳು. ಇಲ್ಲ ಎಂಬುದನ್ನು ಇಷ್ಟು ಖಚಿತವಾಗಿ ತಿಳಿಯುವುದೂ ತಿಳಿವಳಿಕೆಯೇ ಎಂದೆ. ನಾನು ನಂಬುವ ಮಾತೇ ಅದು. ಎಲ್ಲರೂ ಚಪ್ಪಾಳೆ ತಟ್ಟಿದರು, ಚಹಾ ಕುಡಿದರು, ಮನೆಗೆ ಹೋದರು. ನಾನು ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ನಿಂತೆ. ಅದು ನನ್ನ ಕೆಲಸವಾಗಿರಲಿಲ್ಲ. ಮನೆಗೆ ಹೋಗಿ ಯಾರಿಗೆ ಹೇಳಬೇಕು ಎಂದು ಹೊಳೆಯಲಿಲ್ಲ.

ಉದ್ದನೆಯವನ ಬಗ್ಗೆಯೂ ಹೇಳಿಬಿಡುತ್ತೇನೆ. ಅವನು ಹೊರಡುವ ಮುಂಚೆ, "ನೀನೂ ಬಾ" ಎಂದ. "ಬಲೆಯಲ್ಲಿ ಕಣಗಳಿವೆ, ಹೇಗೆ ಬಿಟ್ಟು ಬರಲಿ?" ಎಂದೆ. ನೆಪವಲ್ಲ, ನಿಜವಾಗಿಯೂ ಅದೇ ನನ್ನ ತಲೆಯಲ್ಲಿದ್ದದ್ದು. ಅವನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಜಗಳವಾಡಬಹುದಿತ್ತು. ಅವನು ಹೋಗಿ ಹತ್ತು ದಿನಕ್ಕೆ ಕರೆಂಟು ಹೋಯಿತು, ಬಲೆ ಖಾಲಿಯಾಯಿತು. ಖಾಲಿ ಬಲೆಯ ಮುಂದೆ ಕೂತು ನಿಮಗೆ ಆ ಪತ್ರ ಬರೆದದ್ದು. ಎಲ್ಲರೂ ಹೋದರು ಎಂದದ್ದು ಕಣಗಳಿಗಷ್ಟೇ ಅಲ್ಲ.

ನಿಮ್ಮ ಮದುವೆಯ ಪತ್ರ ಬಂದಾಗ ನನಗೆ ಸಿಟ್ಟು ಬರಲಿಲ್ಲ. ಭಯವಾಯಿತು. ನಾನು ಇಲ್ಲಿ ಡಾಕ್ಟರು, ಮೇಡಂ, ಬಾಸು. ಪಿಟೀಲು ಎಂದು ಕರೆಯುವವರು ಲೋಕದಲ್ಲಿ ನೀವೊಬ್ಬರೇ. ಬೇರೆಯವರ ಮನೆಯವರಾದ ಮೇಲೆ ನೀವು ನನಗೆ ಏನಾಗಬೇಕು ಎಂದು ಎಷ್ಟು ಯೋಚಿಸಿದರೂ ಸಂಬಂಧಕ್ಕೆ ಪದ ಸಿಗಲಿಲ್ಲ. ನೀವು ಬಿಡುವ ಮುಂಚೆ ನಾನೇ ಬಿಡುತ್ತೇನೆ ಎಂದು "ಇತಿ" ಬರೆದೆ.

ನಾನಿನ್ನು ನಿಮ್ಮನ್ನು ಏನೆಂದು ಕರೆಯಲಿ?

ಪಿಟೀಲು


10 ಮಾರ್ಚ್ 2019

ನನ್ನ ಪಿಟೀಲು,

ಅಣ್ಣ ಹೋದರೆ ಅತ್ತಿಗೆಯೂ ಹೋಗುತ್ತಾಳೆ ಎಂದು ನಿನಗೆ ಯಾವ ವಿಜ್ಞಾನ ಹೇಳಿಕೊಟ್ಟಿತು? ಇವರಿಗೆ ಅಕ್ಕತಂಗಿಯರಿಲ್ಲ. ನಾದಿನಿ ಅಂತ ನನಗಿರುವುದು ನೀನೊಬ್ಬಳೇ. ಮೊದಲೂ ನೀನೇ, ಈಗಲೂ ನೀನೇ.

ಇನ್ನೊಂದು. ನಿನ್ನನ್ನು ಆ ಹೆಸರಿನಿಂದ ಕರೆಯುವವಳು ನಾನೊಬ್ಬಳೇ ಎಂದು ಬರೆದಿದ್ದೀಯ. ಪತ್ರಿಕೆಯಲ್ಲಿ ಫೋಟೋ ಬಂದ ದಿನ ಇವರಿಗೆ ತೋರಿಸಿದೆ. ಕೆಳಗೆ ಅಚ್ಚಾಗಿದ್ದ ಹೆಸರನ್ನು ಎರಡು ಸಲ ಓದಿ, "ಇದ್ಯಾರು?" ಅಂದರು. ನಿನ್ನ ನಿಜವಾದ ಹೆಸರು ಅವರಿಗೆ ಗೊತ್ತೇ ಇರಲಿಲ್ಲ ಕಣೇ! ಈ ಮನೆಯಲ್ಲಿ ನೀನು ಪಿಟೀಲು, ಅಷ್ಟೇ.

ಉದ್ದನೆಯವನ ವಿಷಯವನ್ನು ಮತ್ತೆ ಮತ್ತೆ ಓದಿದೆ. ಪಕ್ಕದಲ್ಲಿದ್ದಿದ್ದರೆ ತಲೆ ಸವರುತ್ತಿದ್ದೆ. ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ, ಬಿಟ್ಟು ಬರುವಂತಿಲ್ಲ. ನಿನಗೂ ಬರಲಾಗುವುದಿಲ್ಲವೆಂದು ಗೊತ್ತು. ಬಾ ಎಂದು ಒತ್ತಾಯಿಸಿ ನಿನ್ನನ್ನು ಇನ್ನೊಮ್ಮೆ ಆ ಪೀಕಲಾಟಕ್ಕೆ ಸಿಕ್ಕಿಸುವುದಿಲ್ಲ.

ನಿನ್ನ ಅತ್ತಿಗೆ


22 ಅಕ್ಟೋಬರ್ 2024

ಪ್ರೀತಿಯ ಅತ್ತಿಗೆ,

"ನಾಳೆ" ಅಜ್ಜಿ ತೀರಿಕೊಂಡರೆಂಬ ನಿಮ್ಮ ಪತ್ರಕ್ಕೆ ಎರಡೇ ಸಾಲು ಬರೆದಿದ್ದೆ. ಒಮ್ಮೆಯೂ ನೋಡದವರ ಬಗ್ಗೆ ಅದಕ್ಕಿಂತ ಹೆಚ್ಚು ಬರೆದರೆ ನಾಟಕವಾದೀತು ಎಂದು ಹೆದರಿದೆ. ಇವತ್ತು ನಡೆದದ್ದನ್ನು ಮಾತ್ರ ಪೂರ್ತಿ ಬರೆಯುತ್ತೇನೆ.

ಕಣಗಳನ್ನು ತಯಾರಿಸುವ ಯಂತ್ರವೇ ನಮ್ಮ ಅಳತೆಗೆ ಅಡ್ಡ ಬರುತ್ತದೆ, ಅದರ ಗದ್ದಲದಲ್ಲಿ ಮುಂದಿನ ಅಂಕಿ ಸಿಗುವುದಿಲ್ಲ. ಹಾಗಾಗಿ ಕಣಗಳನ್ನೇ ಒಂದು ನಿಶ್ಶಬ್ದವಾದ ಕಟ್ಟಡಕ್ಕೆ ಸಾಗಿಸಬೇಕೆಂದು ನಾಲ್ಕು ವರ್ಷ ದುಡಿದು ಸಾಗಿಸುವಂಥ ಬಲೆಯೊಂದನ್ನು ಕಟ್ಟಿದೆವು. ಇವತ್ತು ಬೆಳಿಗ್ಗೆ ಅದನ್ನು ಲಾರಿಗೆ ಏರಿಸಿದೆವು. ಹಿಂದೆ ಕಾರಿನಲ್ಲಿ ಬನ್ನಿ ಎಂದು ತಂಡದ ಹುಡುಗರು ಹೇಳಿದರು. ನಾನು ಡ್ರೈವರ್ ಪಕ್ಕ ಹತ್ತಿ ಕೂತೆ.

ಡ್ರೈವರ್ ನನಗಿಂತ ಹಿರಿಯ. ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ಒಳಗೇನಿದೆ ಮೇಡಂ? ಕಾಗದದಲ್ಲಿ ಸಾವಿರ ಕೆಜಿ ಅಂತಿದೆ."

"ಪೆಟ್ಟಿಗೆ ಅಷ್ಟಿದೆ. ಒಳಗಿರೋದು ಎಲ್ಲಾ ಸೇರಿದ್ರೂ ಒಂದು ಧೂಳಿನಷ್ಟೂ ಇಲ್ಲ."

"ಮತ್ತೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ?"

"ಅದನ್ನ ಮುಟ್ಟದೆ ಹಿಡ್ಕೊಳ್ಳೋಕೆ."

ಅವನು ಗೇರ್ ಇಳಿಸಿದ. "ಮುಟ್ಟಿದ್ರೆ?"

"ಹೋಗ್ಬಿಡುತ್ತೆ. ಸದ್ದೂ ಇಲ್ಲ, ಹೊಗೆನೂ ಇಲ್ಲ."

ಅಲ್ಲಿಂದ ಅವನು ಲಾರಿ ಓಡಿಸಿದ ರೀತಿ ನೀವು ನೋಡಬೇಕಿತ್ತು. ಒಂದೊಂದು ಉಬ್ಬಿಗೂ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಉಸಿರು ಬಿಗಿಹಿಡಿದು ದಾಟಿಸಿದ. ಹಿಂದಿನಿಂದ ಹಾರ್ನ್ ಹೊಡೆದವರಿಗೆ ಕಿಟಕಿಯಿಂದ ಕೈ ಹೊರಹಾಕಿ, "ಹೋಗ್ರಪ್ಪಾ, ನಿಮ್ದೇನೂ ಒಡೆಯಲ್ಲ!" ಎಂದು ಕೂಗಿದ. ಸಿಗ್ನಲ್ಲಿನಲ್ಲಿ ನಿಂತಾಗ ಜನ ಎಂದಿನ ಹಾಗೆ ರಸ್ತೆ ದಾಟುತ್ತಿದ್ದರು, ತರಕಾರಿ ಚೀಲ, ಛತ್ರಿ, ಮಗು. ನಮ್ಮ ಲಾರಿಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸ ಬೀದಿಗೆ ಬಂದಿತ್ತು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಡ್ರೈವರ್ ರಸ್ತೆಯಿಂದ ಕಣ್ಣು ತೆಗೆಯದೆ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದ.

ಹೊಸ ಕಟ್ಟಡದಲ್ಲಿ ಇನ್ನೂ ಬಣ್ಣದ ವಾಸನೆ. ಪೆಟ್ಟಿಗೆಯನ್ನು ಇಳಿಸಿ, ಕರೆಂಟಿಗೆ ಸೇರಿಸಿ ಹುಡುಗರು ಊಟಕ್ಕೆ ಹೋದರು. ನಾನೊಬ್ಬಳೇ ಪರದೆಯ ಮುಂದೆ ನಿಂತೆ. ಗೆರೆ ಮೊದಲು ಚಪ್ಪಟೆಯಾಗಿತ್ತು. ಹಾಗೇ ನೋಡುತ್ತಿದ್ದೆ. ಆಮೇಲೆ ನಿಧಾನಕ್ಕೆ ನಡುವೆ ಒಂದು ತಗ್ಗು ಮೂಡಿತು. ಕಣಗಳಿದ್ದರೆ ಮಾತ್ರ ಮೂಡುವ ತಗ್ಗು ಅದು.

ಡ್ರೈವರ್ ಇನ್ನೂ ಹೋಗಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಇದಾವಾ ಮೇಡಂ?"

"ಇದಾವೆ. ಒಂದೂ ಹೋಗಿಲ್ಲ."

ಅವನು ದೊಡ್ಡ ಉಸಿರು ಬಿಟ್ಟ. "ಹಾಗಾದ್ರೆ ಮೊದ್ಲು ಮನೆಗೆ ಹೇಳ್ಬಿಡಿ. ಕಾಯ್ತಾ ಇರ್ತಾರೆ," ಎಂದು ಮೆಟ್ಟಿಲಿಳಿದು ಹೋದ.

ಕೋಣೆಯಲ್ಲಿ ಇನ್ನೂ ಕುರ್ಚಿ ಮೇಜು ಬಂದಿಲ್ಲ. ಖಾಲಿ ಮರದ ಪೆಟ್ಟಿಗೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮನೆಗೆ ಎಂದರೆ ಯಾರಿಗೆ ಎಂದು ಯೋಚಿಸಬೇಕಾಗಲಿಲ್ಲ. ಬೇಕರಿಯವರಿಗೂ ಓದಿ ಹೇಳಿ: ಎಲ್ಲವೂ ಸುರಕ್ಷಿತವಾಗಿವೆ, ನಾನೂ.

ಪಿಟೀಲು